ಜೂಲಿಯೊಗೆ ಕೊಟ್ಟ ಬೆಲೆ

ಅಟ್ಲಾಂಟಾ ಫಾಲ್ಕನ್ಸ್ ಅಭಿಮಾನಿಗಳ ನಡುವೆ ಡ್ರಾಫ್ಟಿನ ಮಾತು ಎದ್ದರೆ 2011ರ ಟ್ರೇಡ್ ಬಂದೇ ಬರುತ್ತದೆ. ಬಂದಾಗಲೆಲ್ಲ ತೀರ್ಪು ಒಂದೇ: ನಾವು ಗೆದ್ದೆವು, ಕ್ಲೀವ್‌ಲ್ಯಾಂಡ್ ಸೋತಿತು. ಸಾಕ್ಷ್ಯವೂ ಒಂದೇ. ಒಂದು ಕಡೆ ಜೂಲಿಯೊ ಜೋನ್ಸ್ ಎಂಬ ಒಬ್ಬನ ಹೆಸರು. ಇನ್ನೊಂದು ಕಡೆ ಅವನಿಗೆ ಬದಲಾಗಿ ಸಿಕ್ಕ ಸರದಿಗಳಿಂದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂದುಕೊಂಡ ಫಿಲ್ ಟೇಲರ್, ಗ್ರೆಗ್ ಲಿಟ್ಲ್, ಓವೆನ್ ಮಾರೆಸಿಕ್, ಬ್ರ್ಯಾಂಡನ್ ವೀಡನ್. ಎರಡನ್ನೂ ಅಕ್ಕಪಕ್ಕ ಬರೆದರೆ ವಾದವೇ ಮುಗಿಯಿತು ಎಂಬಂತೆ ಎಲ್ಲರೂ ಎದ್ದು ಹೋಗುತ್ತಾರೆ. ನಾನೂ ಫಾಲ್ಕನ್ಸ್ ಪಕ್ಷದವನೇ. ಜೂಲಿಯೊ ಆಡಿದ ಹತ್ತು ವರ್ಷ ಆ ತಂಡವನ್ನು ನೋಡುವುದಕ್ಕೇ ಒಂದು ಸೊಗಸಿತ್ತು. ಆದರೆ ಈ ಟ್ರೇಡನ್ನು ಅಳೆಯಲು ನಾವು ಹಿಡಿದಿರುವ ಕೋಲು ಸರಿಯಿಲ್ಲ ಎಂಬುದು ನನ್ನ ತಕರಾರು.

ಐಪಿಎಲ್ ಹರಾಜಿಗೆ ಒಗ್ಗಿದವರಿಗೆ ಎನ್‌ಎಫ್‌ಎಲ್ ಡ್ರಾಫ್ಟ್ ಬೇರೆಯೇ ಲೋಕ. ಹರಾಜಿನಲ್ಲಿ ದುಡ್ಡು ಉಳಿದಿರುವವರೆಗೆ ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ಕೂಗಬಹುದು. ಡ್ರಾಫ್ಟಿನಲ್ಲಿ ಕಾಲೇಜು ಫುಟ್‌ಬಾಲ್‌ನಿಂದ ಬರುವ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ ಗೆದ್ದ ತಂಡಕ್ಕೆ ಕೊನೆಯದು. ಹೀಗೆ ಏಳು ಸುತ್ತು. ಈ ಸರದಿಗಳಿಗೆ ಪಿಕ್ ಎನ್ನುತ್ತಾರೆ. ಪಿಕ್‌ಗಳನ್ನು ಮಾರಬಹುದು, ಕೊಳ್ಳಬಹುದು, ಬರುವ ವರ್ಷದ ಪಿಕ್‌ಗಳನ್ನೂ ಇವತ್ತೇ ಬಿಟ್ಟುಕೊಡಬಹುದು. ಬಲಹೀನರಿಗೆ ಆಸರೆಯಾಗಲೆಂದು ಮಾಡಿದ ಈ ಸಾಲಿನಲ್ಲಿ ಬಲವಂತರು ಮುಂದೆ ನುಗ್ಗುವುದಕ್ಕೆ ಇರುವ ದಾರಿ ಇದೊಂದೇ. ಹಾಗಾಗಿ ಇಂಥ ಟ್ರೇಡ್ ನಡೆದಾಗಲೆಲ್ಲ ಎರಡು ತಂಡಗಳ ತಾಳ್ಮೆ ಬಯಲಿಗೆ ಬರುತ್ತದೆ.

2011ರ ಏಪ್ರಿಲ್ 28ರಂದು ನ್ಯೂಯಾರ್ಕ್‌ನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಡ್ರಾಫ್ಟ್ ಶುರುವಾದಾಗ ಅಟ್ಲಾಂಟಾದ ಸರದಿ 27ನೆಯದು. ಹಿಂದಿನ ಋತುವಿನಲ್ಲಿ ಹದಿನಾರು ಪಂದ್ಯಗಳಲ್ಲಿ 13 ಗೆದ್ದ ತಂಡ ಅದು. ಜನರಲ್ ಮ್ಯಾನೇಜರ್ ಥಾಮಸ್ ಡಿಮಿಟ್ರಾಫ್ ಒಂದೇ ಹಾರಿಗೆ 6ನೇ ಸರದಿಗೆ ಬಂದು ಅಲಬಾಮಾ ವಿಶ್ವವಿದ್ಯಾಲಯದ ರಿಸೀವರ್ ಜೂಲಿಯೊ ಜೋನ್ಸ್‌ನನ್ನು ಕರೆದರು. ಅದಕ್ಕೆ ಆ ವರ್ಷದ 27, 59, 124ನೇ ಪಿಕ್‌ಗಳನ್ನೂ 2012ರ ಮೊದಲ ಸುತ್ತು ಮತ್ತು ನಾಲ್ಕನೇ ಸುತ್ತಿನ ಪಿಕ್‌ಗಳನ್ನೂ ಕೊಟ್ಟರು. ಐದು ಸರದಿ ಕೊಟ್ಟು ಒಂದು ಪಡೆದದ್ದು, ಅದೂ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಲ್ಲ, ಚೆಂಡು ಹಿಡಿಯುವವನಿಗೆ. ಆ ರಾತ್ರಿ ಹುಬ್ಬೇರಿಸದವರು ಕಡಿಮೆ.

ಏಕೆ ಕೊಟ್ಟರು ಎಂಬುದು ಗೊತ್ತಾಗಬೇಕಾದರೆ ಅದೇ ವರ್ಷದ ಜನವರಿ 15ಕ್ಕೆ ಹೋಗಬೇಕು. ಜಾರ್ಜಿಯಾ ಡೋಮ್‌ನಲ್ಲಿ, ತವರಿನ ಪ್ರೇಕ್ಷಕರ ಎದುರು, ಪ್ಲೇಆಫ್ ಪಂದ್ಯದಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಫಾಲ್ಕನ್ಸನ್ನು 48–21ರಿಂದ ಹೊಡೆದು ಹಾಕಿತು. ಪ್ಯಾಕರ್ಸ್ ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ಎಸೆದ 36 ಪಾಸುಗಳಲ್ಲಿ 31 ಗುರಿ ಮುಟ್ಟಿದವು. ಅವನ ತಂಡ ಇಡೀ ಪಂದ್ಯದಲ್ಲಿ ಒಂದು ಸಲವೂ ಪಂಟ್ ಮಾಡಲಿಲ್ಲ, ಅಂದರೆ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸಬೇಕಾದ ಸ್ಥಿತಿಗೆ ಅವರನ್ನು ತರಲು ಅಟ್ಲಾಂಟಾದ ಡಿಫೆನ್ಸ್‌ಗೆ ಆಗಲೇ ಇಲ್ಲ. ಆ ಸೋಲಿನಿಂದ ಡಿಮಿಟ್ರಾಫ್ ಮತ್ತು ಕೋಚ್ ಮೈಕ್ ಸ್ಮಿತ್ ಕಲಿತ ಪಾಠವೆಂದರೆ ನಮ್ಮ ಆಕ್ರಮಣಕ್ಕೆ ಸ್ಫೋಟಕ ಶಕ್ತಿ ಸಾಲದು ಎಂಬುದು. ಆ ಋತುವಿನಲ್ಲಿ ಲೀಗಿನಲ್ಲೇ ಅತಿ ಹೆಚ್ಚು, 115 ಪಾಸು ಹಿಡಿದ ರಾಡಿ ವೈಟ್ ಆಗ ಅಟ್ಲಾಂಟಾದಲ್ಲೇ ಇದ್ದ. ಟೋನಿ ಗೊನ್ಸಾಲೆಸ್‌ನಂಥ ಟೈಟ್ ಎಂಡ್ ಇದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಂಥ ಹೊತ್ತಿಗೇ ಹುಟ್ಟಿದ್ದು.

ಡಿಮಿಟ್ರಾಫ್ ಪರವಾಗಿಯೂ ಒಂದು ಮಾತು ಹೇಳಬೇಕು. ರಾಡ್ಜರ್ಸ್‌ನಂಥವನನ್ನು ಯಾವ ಡಿಫೆನ್ಸೂ ಪೂರ್ತಿ ತಡೆಯಲಾರದು, ಅವನಷ್ಟೇ ವೇಗವಾಗಿ ನಾವೂ ಅಂಕ ಗಳಿಸಬೇಕು ಎನ್ನುವುದು ಹುರುಳಿಲ್ಲದ ಆಲೋಚನೆಯಲ್ಲ. ಲೀಗು ಆಗ ಪಾಸಿನ ಕಡೆಗೆ ವಾಲುತ್ತಿತ್ತು. ಇಪ್ಪತ್ತೈದು ವರ್ಷದ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್ ಕೈಗೆ ಒಬ್ಬ ದೈತ್ಯ ಪ್ರತಿಭೆಯನ್ನು ಒಪ್ಪಿಸಿದರೆ ಮುಂದಿನ ಹತ್ತು ವರ್ಷದ ಆಟ ಬದಲಾಗಬಹುದಿತ್ತು, ಬದಲಾಯಿತು ಕೂಡ. ಆದರೆ ಅಂದು ಹೊರಗೆ ಬಿದ್ದ ಮಾತಿನ ಧಾಟಿ ಹತ್ತು ವರ್ಷದ್ದಾಗಿರಲಿಲ್ಲ, ಬರುವ ಫೆಬ್ರುವರಿಯದ್ದಾಗಿತ್ತು. ಸೂಪರ್ ಬೌಲ್‌ಗೆ ನಮಗೆ ಕೊರತೆಯಾಗಿರುವುದು ಒಬ್ಬನೇ ಆಟಗಾರ ಎಂಬ ನಂಬಿಕೆ ಆ ಬೆಲೆಯ ಒಳಗೆ ಕೂತಿತ್ತು. ನನ್ನ ಜಗಳ ಇರುವುದು ಆ ನಂಬಿಕೆಯ ಜೊತೆ.

ಬೇಡ ಎಂದು ಹೇಳಿದವರೂ ಇದ್ದರು. ಡಿಮಿಟ್ರಾಫ್ ಅಟ್ಲಾಂಟಾಕ್ಕೆ ಬರುವ ಮೊದಲು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನಲ್ಲಿ ಕಾಲೇಜು ಆಟಗಾರರನ್ನು ಹುಡುಕುವ ವಿಭಾಗದ ಮುಖ್ಯಸ್ಥರಾಗಿದ್ದವರು, ಬಿಲ್ ಬೆಲಿಚಿಕ್ ಕೈಕೆಳಗೆ ಪಳಗಿದವರು. ಈ ಟ್ರೇಡಿನ ಬಗ್ಗೆ ಅವರು ಹಳೆಯ ಗುರುವನ್ನು ಕೇಳಿದಾಗ ಬೆಲಿಚಿಕ್ ತಾನಾದರೆ ಹೀಗೆ ಮಾಡುವುದಿಲ್ಲ ಎಂದರೆಂದೂ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜಾನಥನ್ ಬಾಲ್ಡ್‌ವಿನ್ ಜೂಲಿಯೊಗೆ ಕಡಿಮೆಯಿಲ್ಲದ ರಿಸೀವರ್ ಎಂದು ಭಾವಿಸಿದ್ದರೆಂದೂ ಮೈಕೆಲ್ ಹಾಲಿ ತಮ್ಮ ‘ವಾರ್ ರೂಮ್’ ಪುಸ್ತಕದಲ್ಲಿ ಬರೆದಿದ್ದಾರೆ. ಮುಂದೆ ನಡೆದದ್ದು ಸೋಜಿಗ. ಅಟ್ಲಾಂಟಾದಿಂದ ಬಂದ 27ನೇ ಪಿಕ್ಕನ್ನು ಕ್ಲೀವ್‌ಲ್ಯಾಂಡ್ ಇಟ್ಟುಕೊಳ್ಳಲಿಲ್ಲ. ಅದರ ಜೊತೆಗೆ ತನ್ನದೇ 70ನೇ ಪಿಕ್ಕನ್ನೂ ಸೇರಿಸಿ ಕಾನ್ಸಾಸ್ ಸಿಟಿಗೆ ಕೊಟ್ಟು, 21ನೇ ಸರದಿಗೆ ಏರಿ ಫಿಲ್ ಟೇಲರ್‌ನನ್ನು ತೆಗೆದುಕೊಂಡಿತು. ಹಾಗೆ ಕಾನ್ಸಾಸ್ ಸಿಟಿಯ ಕೈ ಸೇರಿದ ಅಟ್ಲಾಂಟಾದ ಸರದಿ ಕೊನೆಗೆ ಬಾಲ್ಡ್‌ವಿನ್‌ಗೇ ಸಂದಿತು. ಬಾಲ್ಟಿಮೋರ್ ತನ್ನ ವೇಳೆ ಮೀರಿಸಿಕೊಂಡದ್ದರಿಂದ ದಾಖಲೆಯಲ್ಲಿ ಅದು 26ನೆಯದಾಗಿ ನಮೂದಾಯಿತು. ಜೂಲಿಯೊ ನಂತರ ಆ ಡ್ರಾಫ್ಟಿನಲ್ಲಿ ಹೆಸರು ಬಂದ ಮುಂದಿನ ರಿಸೀವರ್ ಬಾಲ್ಡ್‌ವಿನ್ನೇ. 2013ರಲ್ಲಿ ಕಾನ್ಸಾಸ್ ಸಿಟಿ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ದಾಟಿಸಿತು. ಆಮೇಲೆ ಅವನ ಆಟ ಬೇಗನೆ ಮುಗಿದುಹೋಯಿತು.

ಇಲ್ಲಿ ಡಿಮಿಟ್ರಾಫ್‌ಗೆ ಪೂರ್ತಿ ಮೆಚ್ಚುಗೆ ಸಲ್ಲಬೇಕು. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ವಿದ್ವಾಂಸರು 2005ರಲ್ಲಿ ಎನ್‌ಎಫ್‌ಎಲ್ ಡ್ರಾಫ್ಟಿನ ಬಗ್ಗೆ ಬರೆದ ಪ್ರಬಂಧ ಹೆಸರುವಾಸಿಯಾಗಿದೆ. ಥೇಲರ್‌ಗೆ ಮುಂದೆ ಅರ್ಥಶಾಸ್ತ್ರದ ನೊಬೆಲ್ ಬಂತು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರನ್ನು ಹೋಲಿಸಿದರೆ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಂಭವ ಶೇ 50ಕ್ಕಿಂತ ತುಸುವೇ ಹೆಚ್ಚು ಎಂದು ಅವರು ಲೆಕ್ಕ ತೋರಿಸಿದರು. ಹಾಗಾಗಿ ಒಬ್ಬನಿಗಾಗಿ ಮೇಲೇರಲು ತಂಡಗಳು ತೆರುವ ಬೆಲೆ ಅತಿಯಾದ ಆತ್ಮವಿಶ್ವಾಸದ ಫಲ ಎಂಬುದು ಅವರ ವಾದ. ಸರಾಸರಿಯ ಮಟ್ಟಿಗೆ ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಆಟಗಾರರನ್ನು ಹುಡುಕುವವನ ಕಸುಬು ಇರುವುದೇ ಈ ಸರಾಸರಿಯನ್ನು ಮೀರಿ ಇವನು ಬೇರೆ, ಅವನು ಬೇರೆ ಎಂದು ಗುರುತಿಸುವುದರಲ್ಲಿ. ಜೂಲಿಯೊ ಮತ್ತು ಬಾಲ್ಡ್‌ವಿನ್ ನಡುವಿನ ಅಂತರವನ್ನು ಅಟ್ಲಾಂಟಾದವರ ಕಣ್ಣು ಕಂಡಿತು, ಆಟದ ಇತಿಹಾಸದಲ್ಲೇ ಅತ್ಯಂತ ಚಾಣಾಕ್ಷ ಎನಿಸಿಕೊಂಡ ಕೋಚಿನ ಕಣ್ಣು ಕಾಣಲಿಲ್ಲ. ಡ್ರಾಫ್ಟಿಗೆ ಮುಂಚಿನ ಪರೀಕ್ಷೆಯಲ್ಲಿ ಪಾದದ ಮೂಳೆ ಬಿರುಕು ಬಿಟ್ಟಿದ್ದರೂ 40 ಗಜವನ್ನು 4.39 ಸೆಕೆಂಡಿನಲ್ಲಿ ಓಡಿದ ಹುಡುಗ ಅವನು. ಆ ಬಿರುಕನ್ನು ಕಂಡು ಹಿಂಜರಿಯಬಹುದಿತ್ತು. ಅವರು ಓಟವನ್ನು ಕಂಡರು.

ಇನ್ನು ಬೆಲೆಯ ಲೆಕ್ಕ. 1990ರ ದಶಕದ ಆರಂಭದಲ್ಲಿ ಜಿಮ್ಮಿ ಜಾನ್ಸನ್ ಕೋಚ್ ಆಗಿದ್ದ ಡಲ್ಲಾಸ್ ಕೌಬಾಯ್ಸ್‌ನಲ್ಲಿ ತಯಾರಾದ ಒಂದು ಪಟ್ಟಿ ಇದೆ, ಪ್ರತಿ ಪಿಕ್ಕಿಗೂ ಇಷ್ಟು ಅಂಕ ಎಂದು. ತಂಡಗಳು ದಶಕಗಳ ಕಾಲ ಅದನ್ನೇ ಮುಂದಿಟ್ಟುಕೊಂಡು ಚೌಕಾಸಿ ಮಾಡಿವೆ. ಅದರ ಪ್ರಕಾರ 6ನೇ ಪಿಕ್ಕಿಗೆ 1600 ಅಂಕ. ಅಟ್ಲಾಂಟಾ ಕೊಟ್ಟ 27, 59, 124ಕ್ಕೆ ಒಟ್ಟು 1038. ಬರುವ ವರ್ಷದ ಪಿಕ್ಕನ್ನು ಒಂದು ಸುತ್ತು ಇಳಿಸಿ ಎಣಿಸುವುದು ಲೀಗಿನ ರೂಢಿ: 2012ರ ಮೊದಲ ಸುತ್ತನ್ನು ಎರಡನೇ ಸುತ್ತೆಂದು, ನಾಲ್ಕನೆಯದನ್ನು ಐದನೆಯದೆಂದು. ಹಾಗೆ ಎಣಿಸಿದರೆ ಅಟ್ಲಾಂಟಾ ಕೊಟ್ಟದ್ದು 1600ಕ್ಕೂ ಕಡಿಮೆ, ಅಗ್ಗದಲ್ಲೇ ಕೊಂಡಂತೆ. ಆದರೆ ಒಂದು ವರ್ಷ ಕಳೆದು ಆ ಪಿಕ್‌ಗಳು 22 ಮತ್ತು 118ನೇ ಸರದಿಯಾಗಿ ನಿಂತಾಗ ಅವುಗಳ ಅಂಕ ಕ್ರಮವಾಗಿ 780 ಮತ್ತು 58. ಈಗ ಒಟ್ಟು 1876. ಕೊಟ್ಟ ದಿನ ಅಗ್ಗವೆನಿಸಿದ್ದು ಹನ್ನೆರಡೇ ತಿಂಗಳಲ್ಲಿ ದುಬಾರಿಯಾಯಿತು. ಮ್ಯಾಸಿ–ಥೇಲರ್ ತಮ್ಮ ಪ್ರಬಂಧದಲ್ಲಿ ಈ ರೂಢಿಯನ್ನೂ ಟೀಕಿಸಿದ್ದಾರೆ. ನಾಳೆಯ ಪಿಕ್ಕಿಗೆ ಇಷ್ಟು ಕಡಿಮೆ ಬೆಲೆ ಕಟ್ಟುವುದು ಯಾವ ಬ್ಯಾಂಕೂ ಕೇಳದಷ್ಟು ಬಡ್ಡಿಗೆ ಸಾಲ ಎತ್ತಿದಂತೆ. ಮುಂದಿನ ವರ್ಷ ತನ್ನ ಕೆಲಸವೇ ಇರುತ್ತದೋ ಇಲ್ಲವೋ ಎಂಬ ಭಯದಲ್ಲಿರುವ ಮ್ಯಾನೇಜರ್ ಇಂಥ ಸಾಲ ಮಾಡಿದರೆ ಅದಕ್ಕೊಂದು ಕಾರಣವಿದೆ. 13 ಪಂದ್ಯ ಗೆದ್ದು ಬಂದ ಡಿಮಿಟ್ರಾಫ್‌ಗೆ ಅಂಥ ಒತ್ತಡವೇನೂ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಈ ಟ್ರೇಡಿನ ಚರ್ಚೆಯಲ್ಲಿ ಎತ್ತುವವರೇ ಕಡಿಮೆ. ಆ ಡ್ರಾಫ್ಟ್ ನಡೆದಾಗ ಲೀಗಿಗೆ ಬೀಗ ಬಿದ್ದಿತ್ತು. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ ಮಾರ್ಚ್‌ನಲ್ಲಿ ಮುರಿದು ಬಿದ್ದು ಜುಲೈ ಕೊನೆಯವರೆಗೆ ಕೂಡಿಬರಲಿಲ್ಲ. ಹಳೆಯ ಪದ್ಧತಿಯಲ್ಲಿ ಮೇಲಿನ ಪಿಕ್ ಎಂದರೆ ತಂಡದ ಕತ್ತಿಗೆ ಕಟ್ಟಿದ ಸಂಬಳ. 2010ರ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್, ಅದರಲ್ಲಿ 5 ಕೋಟಿ ಖಾತರಿ. ಹೊಸ ಒಪ್ಪಂದ ಹೊಸಬರ ಸಂಬಳಕ್ಕೆ ಮಿತಿ ಹಾಕಿತು. 2011ರ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ ಡಾಲರ್, ಜೂಲಿಯೊಗೆ ಸುಮಾರು 1.6 ಕೋಟಿ. ಮಿತಿ ಬೀಳಬಹುದೆಂಬ ಮಾತು ಏಪ್ರಿಲ್‌ನಲ್ಲೇ ಗಾಳಿಯಲ್ಲಿತ್ತು, ಸಹಿ ಬಿದ್ದಿರಲಿಲ್ಲ. ಆ ಮಿತಿ ಬರದಿದ್ದರೆ ಜೂಲಿಯೊನ ಮೊದಲ ನಾಲ್ಕು ವರ್ಷ ಅಟ್ಲಾಂಟಾದ ಬೊಕ್ಕಸವನ್ನು ಹಿಂಡುತ್ತಿದ್ದವು, ಇದೇ ಟ್ರೇಡನ್ನು ನಾವು ಇಷ್ಟು ಹಿಗ್ಗಿನಿಂದ ನೆನೆಯುತ್ತಿರಲಿಲ್ಲ.

ಈಗ ಕ್ಲೀವ್‌ಲ್ಯಾಂಡಿನ ಕಥೆ. 59ನೇ ಪಿಕ್ಕಿನಿಂದ ಬಂದ ಲಿಟ್ಲ್, 124ರಿಂದ ಬಂದ ಮಾರೆಸಿಕ್ ನಿಲ್ಲಲಿಲ್ಲ. ಟೇಲರ್ ಒಳ್ಳೆಯ ಆರಂಭ ಮಾಡಿ ಗಾಯಗಳಲ್ಲಿ ಸವೆದುಹೋದ. 2012ರ 22ನೇ ಪಿಕ್ಕಿಗೆ ಬಂದ ಕ್ವಾರ್ಟರ್‌ಬ್ಯಾಕ್ ವೀಡನ್ ಮೊದಲು ಬೇಸ್‌ಬಾಲ್ ಆಡಿ ಬಂದವನು, ಆಯ್ಕೆಯಾದಾಗಲೇ ಅವನಿಗೆ 28 ವರ್ಷ. ಎರಡು ಋತುವಿನಲ್ಲಿ ಹೊರನಡೆದ. ಉಳಿದ 118ನೇ ಪಿಕ್ಕನ್ನು ಇನ್ನಷ್ಟು ಪಿಕ್‌ಗಳ ಜೊತೆ ಮಿನೆಸೋಟಾಕ್ಕೆ ಕೊಟ್ಟು 4ರಿಂದ 3ಕ್ಕೆ, ಒಂದೇ ಮೆಟ್ಟಿಲು ಏರಿ ಟ್ರೆಂಟ್ ರಿಚರ್ಡ್‌ಸನ್‌ನನ್ನು ತೆಗೆದುಕೊಂಡರು. 2013ರ ಸೆಪ್ಟೆಂಬರ್‌ನಲ್ಲಿ ಅವನನ್ನು ಇಂಡಿಯಾನಾಪೊಲಿಸ್‌ಗೆ ಕೊಟ್ಟು ಬಂದ ಮೊದಲ ಸುತ್ತಿನ ಪಿಕ್ಕನ್ನು ಮುಂದಿನ ವರ್ಷ ಜಾನಿ ಮಾನ್ಜೆಲ್‌ಗಾಗಿ ವ್ಯಯಿಸಿದರು. ಅವನೂ ಎರಡು ವರ್ಷದಲ್ಲಿ ಮುಗಿದ. ಈ ಸರಪಳಿಯಲ್ಲಿ ನಿಜಕ್ಕೂ ಲಾಭ ಮಾಡಿದ್ದು ಕಾನ್ಸಾಸ್ ಸಿಟಿ. ಟೇಲರ್‌ಗಾಗಿ ಕ್ಲೀವ್‌ಲ್ಯಾಂಡ್ ಕೊಟ್ಟ ಆ 70ನೇ ಪಿಕ್ಕಿನಿಂದ ಅವರಿಗೆ ಜಸ್ಟಿನ್ ಹ್ಯೂಸ್ಟನ್ ಸಿಕ್ಕ. 2014ರ ಒಂದೇ ಋತುವಿನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳನ್ನು 22 ಸಲ ನೆಲಕ್ಕೆ ಕೆಡವಿದವನು, ಆಟದ ಭಾಷೆಯಲ್ಲಿ ಸ್ಯಾಕ್ ಮಾಡಿದವನು, ಅವನು.

ಇದನ್ನೆಲ್ಲ ಓದಿ ಅಟ್ಲಾಂಟಾ ಜಾಣರೆಂದು ಬೀಗಲು ನನ್ನಿಂದಾಗದು. ಪಿಕ್ ಎಂದರೆ ಒಂದು ಅವಕಾಶ, ಅಷ್ಟೇ. ಅದು ಏನಾಗುತ್ತದೆ ಎಂಬುದು ಹಿಡಿದ ಕೈಯನ್ನು ಅವಲಂಬಿಸಿದೆ. 2012ರಲ್ಲಿ ಬ್ರೌನ್ಸ್ ತಂಡ ರ‍್ಯಾಂಡಿ ಲರ್ನರ್ ಕೈಯಿಂದ ಜಿಮ್ಮಿ ಹ್ಯಾಸ್ಲಮ್ ಕೈಗೆ ಹೋಯಿತು. ಆ ವರ್ಷ ಮುಗಿಯುವಷ್ಟರಲ್ಲಿ ಟ್ರೇಡ್ ಮಾಡಿದ್ದ ಮೈಕ್ ಹೋಮ್‌ಗ್ರೆನ್, ಟಾಮ್ ಹೆಕರ್ಟ್ ಇಬ್ಬರೂ ಇರಲಿಲ್ಲ. ಅವರು ಪಿಕ್‌ಗಳನ್ನು ಹಾಳುಮಾಡಿಕೊಂಡದ್ದು ಅವರ ವೈಫಲ್ಯ. ಹಾಳಾದದ್ದು ಅವರ ಕೈಯಲ್ಲಿ ಎಂದ ಮಾತ್ರಕ್ಕೆ ನಮ್ಮ ಕೈಯಲ್ಲೂ ಹಾಗೇ ಆಗುತ್ತಿತ್ತೆಂದು ಹೇಳಲು ಬರುವುದಿಲ್ಲ. ಜೂಲಿಯೊ ಎದುರು ಬರೆಯಬೇಕಾದದ್ದು ಟೇಲರ್, ವೀಡನ್ ಹೆಸರುಗಳನ್ನಲ್ಲ, 27, 59, 22ರಲ್ಲಿ ಅಟ್ಲಾಂಟಾ ತಾನೇ ಆರಿಸಬಹುದಾಗಿದ್ದವರ ಹೆಸರುಗಳನ್ನು.

ಆ ಪಟ್ಟಿ ಬರೆಯುವಾಗ ಹೊಟ್ಟೆ ಉರಿಯುತ್ತದೆ. 2011ರ 31ನೇ ಪಿಕ್ಕಿನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಪಾಲಾದವನು ಕ್ಯಾಮರನ್ ಹೇವರ್ಡ್. ಅವನ ಅಪ್ಪ ಕ್ರೇಗ್ 1990ರ ದಶಕದಲ್ಲಿ ಫಾಲ್ಕನ್ಸ್‌ಗೇ ಆಡಿದವನು. ಮಗ ಹೈಸ್ಕೂಲು ಫುಟ್‌ಬಾಲ್ ಆಡಿದ್ದು ಅಟ್ಲಾಂಟಾದ ಹೊರವಲಯದ ಸುವಾನಿಯಲ್ಲಿ. ರಾಡ್ಜರ್ಸ್ ಎದುರು ಕುಸಿದ ಡಿಫೆನ್ಸಿಗೆ ಬೇಕಾಗಿದ್ದದ್ದು ಇಂಥವನೇ. ಹೇವರ್ಡ್ ಹದಿನಾಲ್ಕು ವರ್ಷ ದಾಟಿಯೂ ಅದೇ ತಂಡದ ಬೆನ್ನೆಲುಬಾಗಿ ನಿಂತ. 2012ರಲ್ಲಿ 22ರ ಎರಡು ಸ್ಥಾನ ಕೆಳಗೆ ಗಾರ್ಡ್ ಡೇವಿಡ್ ಡಿಕ್ಯಾಸ್ಟ್ರೊ ಹೋದ, ಅವನೂ ಪಿಟ್ಸ್‌ಬರ್ಗ್‌ಗೇ. ಮೊದಲ ಸುತ್ತಿನಲ್ಲಿ ಸರದಿಯೇ ಇಲ್ಲದ ಅಟ್ಲಾಂಟಾ ಆ ವರ್ಷ 55ನೇ ಪಿಕ್ಕಿನವರೆಗೆ ಕಾದು ಸೆಂಟರ್ ಪೀಟರ್ ಕಾನ್ಜ್‌ನನ್ನು ತಂದಿತು, ಅವನು ಈಡಾಗಲಿಲ್ಲ. ಹೀಗೆ ಹಿಂದಿರುಗಿ ನೋಡಿ ಒಳ್ಳೆಯ ಹೆಸರುಗಳನ್ನೇ ಹೆಕ್ಕುವುದೂ ಅನ್ಯಾಯವೇ, ಒಪ್ಪುತ್ತೇನೆ. 29ರಲ್ಲಿ ಶಿಕಾಗೊ ಆರಿಸಿದ ಗೇಬ್ ಕರಿಮಿಯನ್ನು ಅಟ್ಲಾಂಟಾ ಆರಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೂ ತಂಡದ ನಡುಭಾಗ, ಚೆಂಡು ಹೊರಡುವ ಜಾಗದಲ್ಲಿ ಮೈಗೆ ಮೈ ಕೊಟ್ಟು ನಿಲ್ಲುವವರ ಸಾಲು, ಈ ಟ್ರೇಡಿನ ನಿಜವಾದ ಬೆಲೆ ತೆತ್ತಿತು.

ಬೆಲೆ ತೆತ್ತದ್ದು ಮೈದಾನದಲ್ಲೇ ಕಾಣಿಸಿತು. ಜೂಲಿಯೊ ಬಂದ ಮೊದಲ ಋತುವಿನ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎದುರು ಅಟ್ಲಾಂಟಾ 24–2ರಿಂದ ಸೋತಿತು. ನಾಲ್ಕನೇ ಡೌನ್, ಅಂದರೆ ಕೊನೆಯ ಯತ್ನ, ಬೇಕಿದ್ದದ್ದು ಒಂದೇ ಗಜ, ಎರಡು ಸಲ ರಯಾನ್ ತಾನೇ ನುಗ್ಗಿದ, ಎರಡು ಸಲವೂ ಸಾಲು ಅಲುಗಲಿಲ್ಲ. ಐವತ್ತು ಗಜ ಗಳಿಸಬಲ್ಲ ರಿಸೀವರ್ ಅಂಚಿನಲ್ಲಿ ನಿಂತು ನೋಡುತ್ತಿದ್ದ. ಮುಂದಿನ ವರ್ಷ ಮತ್ತೆ 13 ಗೆಲುವು, ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ. ಸ್ಯಾನ್ ಫ್ರಾನ್ಸಿಸ್ಕೊ ಎದುರು ಜೂಲಿಯೊ 11 ಪಾಸು ಹಿಡಿದು 182 ಗಜ, 2 ಟಚ್‌ಡೌನ್ ಗಳಿಸಿದ. 17–0 ಮುನ್ನಡೆಯಲ್ಲಿದ್ದ ತಂಡ 28–24ರಿಂದ ಸೋತಿತು. ಕೊರತೆಯಾಗಿದ್ದ ಆ ಒಬ್ಬ ಬಂದಿದ್ದ, ಬೇಕಾದ್ದಕ್ಕಿಂತ ಹೆಚ್ಚೇ ಆಡಿದ್ದ, ಆದರೂ ಸಾಲಲಿಲ್ಲ. 2013ರಲ್ಲಿ ಐದೇ ಪಂದ್ಯದ ನಂತರ ಅವನ ಪಾದ ಮುರಿಯಿತು, ತಂಡ 4 ಗೆದ್ದು 12 ಸೋತಿತು. ಆ ಸೋಲಿನ ಫಲವಾಗಿ 2014ರಲ್ಲಿ ಅಟ್ಲಾಂಟಾಕ್ಕೆ ಬಂದ ಸರದಿ ಯಾವುದು ಎಂದರೆ 6ನೆಯದು. ಈ ಸಲ ಅದರಿಂದ ಜೇಕ್ ಮ್ಯಾಥ್ಯೂಸ್ ಎಂಬ ಟ್ಯಾಕಲ್‌ನನ್ನು ತಂದರು.

ಜೂಲಿಯೊನ ಆಟದ ಬಗ್ಗೆ ಬರೆಯುವಾಗ ಅಂಕಿಗಳು ಸಾಲವು, ಆದರೂ ಕೆಲವನ್ನು ಹೇಳದೆ ಬಿಡಲಾಗದು. 2015ರಲ್ಲಿ 136 ಪಾಸು, 1871 ಗಜ. 2014ರಿಂದ 2019ರವರೆಗೆ ಸತತ ಆರು ಋತು 1300 ಗಜಕ್ಕೂ ಮೇಲೆ. 2016ರ ಅಕ್ಟೋಬರ್ 2ರಂದು ಕ್ಯಾರೊಲಿನಾ ಎದುರು ಒಂದೇ ಪಂದ್ಯದಲ್ಲಿ 300 ಗಜ. ಫಾಲ್ಕನ್ಸ್‌ಗಾಗಿ 135 ಪಂದ್ಯಗಳಲ್ಲಿ 12,896 ಗಜ, ಅಂದರೆ ಪಂದ್ಯಕ್ಕೆ 95ಕ್ಕೂ ಹೆಚ್ಚು. ಅವನು ಓಡುವುದರಲ್ಲಿ ಒಂದು ನೆಮ್ಮದಿ ಇತ್ತು. ಆರಡಿ ಮೂರಂಗುಲದ ಮೈ, ಆದರೆ ದಿಕ್ಕು ಬದಲಿಸುವಾಗ ತಡವರಿಕೆ ಇಲ್ಲ, ಆರ್ಭಟವಿಲ್ಲ. ಹಿಡಿದ ಮೇಲೆ ಕುಣಿತವಿಲ್ಲ. ಕಾಯುವವನು ಮುಂದಿದ್ದರೂ ಚೆಂಡು ಬರುವ ಕ್ಷಣಕ್ಕೆ ಸರಿಯಾಗಿ ಅವನ ಕೈ ಮೇಲಿರುತ್ತಿತ್ತು. ಕೊರತೆಯೂ ಇತ್ತು. ಹತ್ತು ವರ್ಷಕ್ಕೆ 60 ಟಚ್‌ಡೌನ್ ಎಂದರೆ ಇಷ್ಟು ಗಜ ಗಳಿಸಿದವನಿಗೆ ಕಡಿಮೆಯೇ. 2017ರಲ್ಲಿ 1444 ಗಜಕ್ಕೆ ಮೂರೇ ಮೂರು. ಗೋಲಿನ ಹತ್ತಿರ ಬಂದಾಗ ಎದುರಾಳಿ ಇಬ್ಬರನ್ನು ಅವನ ಮೇಲೆ ಬಿಡುತ್ತಿದ್ದ, ತಂಡವೂ ಅವನನ್ನು ಮರೆತಂತೆ ಬೇರೆಡೆಗೆ ಎಸೆಯುತ್ತಿತ್ತು. 2018ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ 15–10ರಿಂದ ಹಿಂದಿದ್ದಾಗ ಕೊನೆಯ ಅವಕಾಶದಲ್ಲಿ ಅವನಿಗೇ ಎಸೆದರು. ಅವನು ಜಾರಿ ಬಿದ್ದು, ಎದ್ದು, ಹಾರಿದ. ಚೆಂಡು ಕೈಗಳ ನಡುವೆ ಹಾದುಹೋಯಿತು.

ಅದಕ್ಕೂ ಒಂದು ವರ್ಷ ಹಿಂದಿನ ಸೂಪರ್ ಬೌಲನ್ನು ಬಿಟ್ಟು ಈ ಟ್ರೇಡನ್ನು ತೂಗಲಾಗುವುದಿಲ್ಲ. 2017ರ ಫೆಬ್ರುವರಿ 5, ಹ್ಯೂಸ್ಟನ್, ಎದುರಾಳಿ ಬೆಲಿಚಿಕ್ ಅವರ ಪೇಟ್ರಿಯಟ್ಸ್. ನಮ್ಮ ದೇಶದಲ್ಲಿ ಸೋಮವಾರದ ಬೆಳಗು. 28–3 ಮುನ್ನಡೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ಅದು 28–12 ಆಗಿದ್ದಾಗ ಪೇಟ್ರಿಯಟ್ಸ್‌ನ ಲೈನ್‌ಬ್ಯಾಕರ್ ಡಾಂಟೆ ಹೈಟವರ್ ನುಗ್ಗಿ ರಯಾನ್ ಕೈಯ ಚೆಂಡನ್ನು ಉರುಳಿಸಿದ. ಪಂದ್ಯ ತಿರುಗಿದ್ದು ಅಲ್ಲಿ. ಹೈಟವರ್ ಯಾರು? 2012ರ ಡ್ರಾಫ್ಟಿನ 25ನೇ ಪಿಕ್. ಅಟ್ಲಾಂಟಾ ಬಿಟ್ಟುಕೊಟ್ಟ, ವೀಡನ್‌ಗೆ ಸಂದ ಆ 22ನೇ ಸರದಿಯ ಮೂರೇ ಸ್ಥಾನ ಕೆಳಗೆ ಹೋದವನು. ಆದರೆ ಇದೇ ಪಂದ್ಯದಲ್ಲಿ ಇನ್ನೊಂದು ತೂಕವೂ ಇದೆ. 28–20 ಇದ್ದಾಗ, ಐದು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ, ರಯಾನ್ ಬಲಗೆರೆಯತ್ತ ಎಸೆದ ಚೆಂಡನ್ನು ಜೂಲಿಯೊ ಎರಿಕ್ ರೋ ತಲೆಯ ಮೇಲಿಂದ ಹಾರಿ ಹಿಡಿದು ಎರಡೂ ಪಾದದ ತುದಿಯನ್ನು ಗೆರೆಯೊಳಗೆ ಊರಿದ. 27 ಗಜ. ಚೆಂಡು ಎದುರಾಳಿಯ 22 ಗಜದ ಗೆರೆಯಲ್ಲಿ. ಕಿಕ್ಕರ್ ಮ್ಯಾಟ್ ಬ್ರಯಂಟ್ ಒಂದು ಫೀಲ್ಡ್ ಗೋಲ್ ಒದ್ದಿದ್ದರೆ ಪಂದ್ಯ ಬಹುತೇಕ ನಮ್ಮದು. ಮುಂದಿನ ಓಟಕ್ಕೆ ಒಂದು ಗಜ ನಷ್ಟ, ಆಮೇಲೆ ರಯಾನ್ ನೆಲಕ್ಕೆ ಬಿದ್ದು 12 ಗಜ ನಷ್ಟ, ಆಮೇಲೆ ಮ್ಯಾಥ್ಯೂಸ್ ಎದುರಾಳಿಯನ್ನು ಹಿಡಿದೆಳೆದ ತಪ್ಪಿಗೆ ಇನ್ನೂ 10. ಪಂಟ್. ಹೆಚ್ಚುವರಿ ವೇಳೆಯಲ್ಲಿ 34–28. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ದಿನ ಜೂಲಿಯೊಗೆ ಎಸೆದದ್ದು ನಾಲ್ಕೇ ಪಾಸು. ನಾಲ್ಕನ್ನೂ ಹಿಡಿದ. ಆ ಸೋಲಿಗೆ ಈ ಟ್ರೇಡನ್ನು ಹೊಣೆ ಮಾಡುವವರನ್ನು ನಾನು ಒಪ್ಪುವುದಿಲ್ಲ. ಆ ಪಂದ್ಯವನ್ನು ಗೆಲುವಿನ ಬಾಗಿಲಿಗೆ ತಂದು ನಿಲ್ಲಿಸಿದ್ದೇ ಆ ಟ್ರೇಡ್. ನನಗೆ ಮುಖ್ಯವೆನಿಸುವುದು ಬೇರೆ: ಹ್ಯೂಸ್ಟನ್‌ಗೆ ಹೋದ ತಂಡದಲ್ಲಿ 2010ರ ತಂಡದವರು ರಯಾನ್, ಬ್ರಯಂಟ್, ಬ್ಯಾಬಿನೋ ಮುಂತಾದ ಬೆರಳೆಣಿಕೆಯಷ್ಟು ಮಂದಿ. ಒಬ್ಬನೇ ಕೊರತೆ ಎಂದುಕೊಂಡಿದ್ದ ಆ ತಂಡ ಕರಗಿಹೋಗಿ ಕೋಚೂ ಬದಲಾಗಿದ್ದ. ಜೂಲಿಯೊನನ್ನು ಸೂಪರ್ ಬೌಲ್‌ಗೆ ಕೊಂಡೊಯ್ದದ್ದು ಆಮೇಲಿನ ಡ್ರಾಫ್ಟ್‌ಗಳು: 2016ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು, 15.5 ಸ್ಯಾಕ್ ಮಾಡಿದ ವಿಕ್ ಬೀಸ್ಲಿ, ಐದನೇ ಸುತ್ತಿನಲ್ಲಿ ಸಿಕ್ಕು ಸೂಪರ್ ಬೌಲ್‌ನಲ್ಲೇ 3 ಸ್ಯಾಕ್ ಮಾಡಿದ ಗ್ರೇಡಿ ಜ್ಯಾರೆಟ್, ಎರಡನೇ ಸುತ್ತಿನ ಡಿಯಾನ್ ಜೋನ್ಸ್. ಜೊತೆಗೆ ಸೆಂಟರ್ ಅಲೆಕ್ಸ್ ಮ್ಯಾಕ್, ಅವನು ಬಂದದ್ದು ಕ್ಲೀವ್‌ಲ್ಯಾಂಡಿನಿಂದ. ಅಂದರೆ 2011ರಲ್ಲಿ ಕೊಂಡದ್ದು ಹತ್ತು ವರ್ಷದ ಆಸ್ತಿ. ಅದನ್ನು ಒಂದೇ ಋತುವಿನ ಔಷಧಿಯೆಂದು ಬಗೆದದ್ದು ತಪ್ಪು. ಆ ತಪ್ಪು ಎಣಿಕೆಯಿಂದಾಗಿಯೇ 2013ರಲ್ಲಿ ವಯಸ್ಸಾದ ಸ್ಟೀವನ್ ಜ್ಯಾಕ್ಸನ್, ಓಸಿ ಉಮೆನ್ಯೋರಾ ಅವರನ್ನು ತಂದು ಇನ್ನೊಂದು ಸಲ ಅವಸರ ಮಾಡಿದರು. ಜೂಲಿಯೊಗೆ ಆಗ 24 ವರ್ಷ. ಅವನ ವಯಸ್ಸಿಗೆ ತಕ್ಕ ತಂಡ ಕಟ್ಟುವುದು ಬಿಟ್ಟು, ಅವನ ಸುತ್ತ ಮುಗಿಯುತ್ತಿದ್ದ ತಂಡಕ್ಕೆ ತೇಪೆ ಹಾಕಿದರು.

ಹಾಗಾದರೆ ಟ್ರೇಡ್ ಮಾಡಬಾರದಿತ್ತೇ? ಮಾಡಬೇಕಿತ್ತು. ಅದೇ ಬೆಲೆಗಾದರೂ ಮಾಡಬೇಕಿತ್ತು. 1992ರಲ್ಲಿ ಬ್ರೆಟ್ ಫಾವ್ರ್ ಎಂಬ ಹುಡುಗನನ್ನು ಗ್ರೀನ್ ಬೇಗೆ ಬಿಟ್ಟುಕೊಟ್ಟ ತಂಡ ಇದು; ಅಂಥ ಪ್ರತಿಭೆ ಕೈ ತಪ್ಪಿದರೆ ಎಷ್ಟು ದಶಕ ನೋಯುತ್ತದೆಂದು ಅಟ್ಲಾಂಟಾಕ್ಕಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಮಾಡಿದ ಮರುದಿನವೇ, ಎರಡು ವರ್ಷ ಮೊದಲ ಸುತ್ತಿನ ಹೊಸ ರಕ್ತ ಬೇರೆ ಇಲ್ಲ, ನಡುಸಾಲು ಬಡವಾಗುತ್ತದೆ ಎಂದು ಒಪ್ಪಿಕೊಂಡು ನಿಧಾನಿಸಬೇಕಿತ್ತು. ಜೂಲಿಯೊನನ್ನು ಆರಿಸಿದ ಕಣ್ಣು ಚುರುಕಾಗಿತ್ತು, ಆರಿಸಲು ಕೊಟ್ಟ ಕಾರಣ ಟೊಳ್ಳಾಗಿತ್ತು. ಕಣ್ಣಿನ ಗೆಲುವನ್ನು ಕಾರಣದ ಗೆಲುವೆಂದು ನಾವು ಈಗಲೂ ಎಣಿಸುತ್ತಿದ್ದೇವೆ.

2020ರ ಅಕ್ಟೋಬರ್‌ನಲ್ಲಿ ಐದಕ್ಕೆ ಐದೂ ಪಂದ್ಯ ಸೋತ ಮೇಲೆ ಡಿಮಿಟ್ರಾಫ್ ಹೊರಹೋದರು. ಕೋವಿಡ್ ಹೊಡೆತಕ್ಕೆ 2021ರ ಸಂಬಳದ ಮಿತಿ ಇಳಿದಾಗ ಅಟ್ಲಾಂಟಾ ಜೂಲಿಯೊನನ್ನು ಟೆನೆಸಿಗೆ ಕಳಿಸಿತು. ಬಂದದ್ದು ಮುಖ್ಯವಾಗಿ 2022ರ ಎರಡನೇ ಸುತ್ತಿನ ಒಂದು ಪಿಕ್, ಅದು 58ನೆಯದಾಗಿ ನಿಂತಿತು. ಅವನಿಗಾಗಿ 2011ರಲ್ಲಿ ಕೊಟ್ಟ ಐದರಲ್ಲಿ ಎರಡನೆಯದಾದ 59ಕ್ಕಿಂತ ಒಂದು ಸ್ಥಾನ ಮೇಲೆ. ಜೂಲಿಯೊ 2025ರ ಏಪ್ರಿಲ್‌ನಲ್ಲಿ ನಿವೃತ್ತಿ ಹೇಳಿದ, ಸೂಪರ್ ಬೌಲ್ ಉಂಗುರವಿಲ್ಲದೆ.

ಅದೇ ತಿಂಗಳ ಡ್ರಾಫ್ಟಿನಲ್ಲಿ ಅಟ್ಲಾಂಟಾ ಮತ್ತೆ ಬರುವ ವರ್ಷದ ಮೊದಲ ಸುತ್ತನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕೊಟ್ಟು 26ನೇ ಸರದಿಗೆ ಏರಿ ಜೇಮ್ಸ್ ಪಿಯರ್ಸ್ ಜೂನಿಯರ್‌ನನ್ನು ತಂದಿತು. ಈ ಸಲ ರೋಗ ಇದ್ದಲ್ಲಿಗೇ ಮದ್ದು: ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನು ಬೇಕಿತ್ತು, ಅವನನ್ನೇ ತಂದರು. ಆದರೆ 2011ರಲ್ಲಿ ನಾಳೆಯ ಪಿಕ್ಕನ್ನು ಬಿಟ್ಟುಕೊಟ್ಟದ್ದು 13 ಗೆದ್ದು 3 ಸೋತ ತಂಡ. ಆ ಪಿಕ್ ಸುತ್ತಿನ ಕೊನೆಯಲ್ಲೇ ಬೀಳುತ್ತದೆಂದು ನಂಬಲು ಆಧಾರವಿತ್ತು. 2025ರಲ್ಲಿ ಬಿಟ್ಟುಕೊಟ್ಟದ್ದು ಹಿಂದಿನ ಋತುವಿನಲ್ಲಿ 8 ಗೆದ್ದು 9 ಸೋತ ತಂಡ. ಅಂಥ ತಂಡದ ಮೊದಲ ಸುತ್ತಿನ ಪಿಕ್ ಎಲ್ಲಿ ಬೇಕಾದರೂ ಬೀಳಬಹುದು. ಅದನ್ನು ಹಳೆಯ ರೂಢಿಯಂತೆ ಒಂದು ಸುತ್ತು ಇಳಿಸಿ ಎಣಿಸಲು ಜೂಲಿಯೊನ ಹೆಸರನ್ನು ಯಾರೂ ಸಾಕ್ಷಿಗೆ ಕರೆಯಬಾರದು.